ಬಾಕಿ ಇಲ್ಲ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ಹಿರಿಯರ ಮಾತು. ಎಡಗೈಗೆ ತಿಳಿಯದಿದ್ದರೂ ಬೀಸಣಿಗೆಯ ರೆಕ್ಕೆಗಳಿಗಾದರೂ ತಿಳಿದಿರಲಿ ಎಂಬುದು ಈಚಿನವರ ಏರ್ಪಾಟು. ದೇವಾಲಯದ ಮಂಟಪದಲ್ಲಿಯೋ ಶಾಲೆಯ ಸಭಾಂಗಣದಲ್ಲಿಯೋ ತಲೆಯೆತ್ತಿ ನೋಡಿದರೆ, ಮೂರು ರೆಕ್ಕೆಗಳ ಮೇಲೆ ದಾನಿಯ ಹೆಸರು, ಅವರ ತಂದೆತಾಯಿಗಳ ಹೆಸರು, ಅವರ ಅಂಗಡಿಯ ವಿಳಾಸ ಇವೆಲ್ಲ ಕೆಂಪು ಬಣ್ಣದಲ್ಲಿ ಶೋಭಿಸುತ್ತಿರುತ್ತವೆ. ಬೀಸಣಿಗೆ ನಿಂತಿರುವಾಗ ಹೆಸರನ್ನು ಓದಬಹುದು, ಗಾಳಿ ಬಾರದು; ಗಾಳಿ ಬರುವಾಗ ಹೆಸರು ಕಾಣದು. ಎರಡೂ ಏಕಕಾಲದಲ್ಲಿ ದೊರೆಯುವ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಮಲ್ಲೇಶ್ವರದ ರಾಯರು ಬೀಸಣಿಗೆಯ ದಾನಿಗಳಲ್ಲ. ಅವರು ಮೂವತ್ತಾರು ವರ್ಷ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಇನ್ನೊಬ್ಬರು ಕೂಡಿದ್ದನ್ನು ಮತ್ತೊಮ್ಮೆ ಕೂಡದೆ ಅವರಿಗೆ ರಾತ್ರಿ ನಿದ್ರೆ ಬರುವುದಿಲ್ಲ. ಇವರಂತೆಯೇ ಪಿಂಚಣಿ ಪಡೆಯುವ ಹತ್ತು ಹನ್ನೆರಡು ಮಂದಿ ಸ್ನೇಹಿತರು ಸೇರಿ ಒಂದು ಕೂಟವನ್ನು ಕಟ್ಟಿಕೊಂಡಿದ್ದರು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುವುದು, ಉಪ್ಪಿಟ್ಟು ಕಾಫಿ ಮುಗಿಸುವುದು, ತಮ್ಮ ಪಿಂಚಣಿಯಲ್ಲಿ ಒಂದಿಷ್ಟನ್ನು ತೆಗೆದಿರಿಸುವುದು, ಕೂಡಿದ ಹಣದಲ್ಲಿ ಸುತ್ತಲಿನ ಹಳ್ಳಿಗಳ ಶಾಲೆಗಳಿಗೂ ಸಂಘಗಳಿಗೂ ಸಣ್ಣ ಸಣ್ಣ ಸಹಾಯ ಮಾಡುವುದು ಅವರ ಪದ್ಧತಿ. ಒಂದು ಅರ್ಜಿಗೆ 15,000 ರೂಪಾಯಿ ಮೀರಿ ಕೊಡುವಂತಿರಲಿಲ್ಲ. ಕೊಡುವುದು ಸ್ವಲ್ಪವಾದರೂ ಕೇಳುವ ಪ್ರಶ್ನೆಗಳಿಗೆ ಕೊರತೆಯಿರಲಿಲ್ಲ. ಅರ್ಜಿಯ ನಮೂನೆಯಲ್ಲಿ ಒಟ್ಟು 23 ಪ್ರಶ್ನೆಗಳು. ಅಷ್ಟನ್ನೂ ರಾಯರೇ ಸ್ವಹಸ್ತದಿಂದ ರಚಿಸಿದ್ದರು. ಅವುಗಳಲ್ಲಿ ಹದಿನೇಳನೆಯದರ ಬಗೆಗೆ ಅವರಿಗೆ ವಿಶೇಷ ಅಭಿಮಾನ: ‘ಸಂಘದಲ್ಲಿ ಬಾಕಿದಾರರು ಇದ್ದಾರೆಯೇ? ಇದ್ದಲ್ಲಿ ಅರ್ಜಿಯನ್ನು ಪರಿಶೀಲಿಸಲಾಗುವುದಿಲ್ಲ.’

ದೇವನಹಳ್ಳಿಯ ವಿಮಾನನಿಲ್ದಾಣ 2008ರಲ್ಲಿ ತೆರೆದು ನಾಲ್ಕೈದು ವರ್ಷಗಳಾಗಿದ್ದ ಸಮಯ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಹೆಂಗಸರ ಸಂಘದಿಂದ ಕೂಟಕ್ಕೆ ಒಂದು ಅರ್ಜಿ ಬಂದಿತು. ಬೇಡಿಕೆ 15,000 ರೂಪಾಯಿ. ಉದ್ದೇಶದ ಕಲಮಿನಲ್ಲಿ ‘ಅಡುಗೆ ಪಾತ್ರೆಗಳು’ ಎಂದು ಬರೆದಿತ್ತು.

ರಾಯರು ಕನ್ನಡಕವನ್ನು ಹಣೆಗೇರಿಸಿದರು. “ಹೊಲಿಗೆಯ ಯಂತ್ರ ಕೇಳಿದವರಿದ್ದಾರೆ, ಪುಸ್ತಕ ಕೇಳಿದವರಿದ್ದಾರೆ. ಪಾತ್ರೆ ಕೇಳಿದವರನ್ನು ಇದೇ ಮೊದಲು ನೋಡುತ್ತಿದ್ದೇನೆ. ಅವರ ಮನೆಗಳಲ್ಲಿ ಪಾತ್ರೆಗಳಿಲ್ಲವೇ?”

ಸೊಪ್ಪು ಬಿಡಿಸುತ್ತ ಕುಳಿತಿದ್ದ ಅವರ ಮನೆಯಾಕೆ ತಲೆಯೆತ್ತದೆಯೇ ಹೇಳಿದರು: “ಮನೆ ಪಾತ್ರೆಯಲ್ಲಿ ಮನೆಯವರಿಗೆ ಅಡುಗೆಯಾಗುತ್ತೆ, ರೀ. ಊರಿಗೆ ಹಾಕೋ ಊಟಕ್ಕೆ ಹಂಡೆ ಬೇಕು, ಡಬರಿ ಬೇಕು, ಕೊಳಗದಂಥ ತಪ್ಪಲೆ ಬೇಕು. ನಮ್ಮಕ್ಕನ ಮದುವೆಗೆ ಪಾತ್ರೆ ತರೋಕೆ ಅಪ್ಪ ಎರಡು ಗಾಡಿ ಕಟ್ಟಿಸಿಕೊಂಡು ಪೇಟೆಗೆ ಹೋಗಿದ್ದರು. ಹಿಂದಿರುಗಿಸುವಾಗ ಒಂದು ಸೌಟು ಕಡಮೆ ಬಂತು ಅಂತ ಅಂಗಡಿಯವನು ಒಂದು ಮೂಟೆ ಮಾತು ಅಂದ. ಹೋಗಿ ನೋಡಿಕೊಂಡು ಬನ್ನಿ.”

ರಾಯರು ಹೊರಟರು. ಯಲಹಂಕ ದಾಟಿ, ರಾಜಾನುಕುಂಟೆ ದಾಟಿ, ದೊಡ್ಡಬಳ್ಳಾಪುರಕ್ಕೆ ಬಂದಾಗ ಕಿವಿಗೆ ಮೊದಲು ತಗಲುವುದು ವಿದ್ಯುತ್ ಮಗ್ಗಗಳ ಸದ್ದು. ಬೀದಿಬೀದಿಯಲ್ಲಿ ಒಂದೇ ತಾಳ. ಊರು ದಾಟಿ ಘಾಟಿ ಸುಬ್ರಹ್ಮಣ್ಯದ ಕಡೆ ತಿರುಗಿದರೆ ಆ ಸದ್ದು ಕ್ರಮೇಣ ಹಿಂದುಳಿದು, ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ದೂರದಲ್ಲಿ ನಂದಿಯ ಬೆಟ್ಟ ಕಾಣತೊಡಗುತ್ತವೆ. ಆದರೆ ಹೊಲಗಳ ನಡುನಡುವೆ ಬಣ್ಣದ ಫಲಕಗಳೂ ಎದ್ದು ನಿಂತಿದ್ದವು. ನಿವೇಶನಗಳು ಮಾರಾಟಕ್ಕಿವೆ, ವಿಮಾನನಿಲ್ದಾಣ ಹತ್ತಿರದಲ್ಲಿದೆ ಎಂದು ಅವು ಸಾರುತ್ತಿದ್ದವು. ಭೂಮಿಯ ಮಾತೆಂದರೆ ಕೋಟಿಯ ಮಾತಾಗಿದ್ದ ಆ ಸೀಮೆಯಲ್ಲಿ ಹದಿನೈದು ಸಾವಿರ ರೂಪಾಯಿಗಳ ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಹೋಗಲು ರಾಯರಿಗೆ ತುಸು ಸಂಕೋಚವೂ ಆಯಿತು.

ಹೆಂಗಸರು ಡೈರಿಗೆ ಹಾಲು ಹಾಕಿ ಬರುವುದು ಇನ್ನೂ ತಡವೆಂದು ಅಂಗನವಾಡಿಯ ಕಾರ್ಯಕರ್ತೆ ತಿಳಿಸಿದಳು. ರಾಯರು ಕೆರೆಯ ಏರಿಯ ಮೇಲೆ ಹೋಗಿ ಕುಳಿತರು. ಏರಿಯ ಒಂದು ತುದಿಯಲ್ಲಿ ಅರ್ಧ ಹೂತುಹೋದ ಕಲ್ಲು; ಮೇಲೆ ಸೂರ್ಯಚಂದ್ರರು, ಕೆಳಗೆ ಮಳೆಗಾಳಿಗೆ ಸವೆದ ಅಕ್ಷರಗಳು. ಓದಲು ಬಾರದಿದ್ದರೂ ಅದರ ಜಾತಿ ಯಾವುದೆಂದು ರಾಯರು ಬಲ್ಲರು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಶಾಸನಗಳು ತಾಲ್ಲೂಕುವಾರಾಗಿ ಸೇರಿವೆ. ನಿವೃತ್ತಿಯ ಬಿಡುವಿನಲ್ಲಿ ರಾಯರು ಅದನ್ನೂ ಒಂದು ಜಮಾಖರ್ಚಿನ ಪುಸ್ತಕದಂತೆ ಓದಿದ್ದರು. ವಾಸ್ತವವಾಗಿ ಅದು ಹೆಚ್ಚುಕಡಮೆ ಅಂಥ ಪುಸ್ತಕವೇ ಸರಿ. ಯಾರು, ಯಾವ ವರ್ಷ, ಯಾರಿಗೆ, ಎಷ್ಟು ಭೂಮಿ, ಯಾವ ಕೆಲಸಕ್ಕಾಗಿ ಕೊಟ್ಟರು ಎಂಬುದೇ ಅದರ ಬಹುಭಾಗ.

ಈ ಬಯಲುಸೀಮೆ ಬದುಕಿದ್ದು ಕೆರೆಗಳಿಂದ. ಕೆರೆಗಳು ಬದುಕಿದ್ದು ಇಂಥ ಸಣ್ಣ ಕೊಡುಗೆಗಳಿಂದ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂದು ಅವಕ್ಕೆ ನಾನಾ ಹೆಸರುಗಳು. ಕೆರೆಯನ್ನು ಕಟ್ಟಿದವನಿಗೋ ಒಡೆದ ಏರಿಯನ್ನು ಸರಿಪಡಿಸಿದವನಿಗೋ ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಭೂಮಿಯನ್ನು ಬಿಡುವುದು ದಶವಂದ. ಇದರೊಳಗಿನ ಜಾಣತನ ಲೆಕ್ಕಿಗರಿಗೆ ಬೇಗ ಹೊಳೆಯುತ್ತದೆ. ಕೊಟ್ಟ ಭೂಮಿ ಅದೇ ಕೆರೆಯ ಕೆಳಗಿನದು. ಕೆರೆ ತುಂಬಿದ್ದರೆ ಅವನ ಗದ್ದೆ ಹಸಿರು. ತೂಬು ಕಟ್ಟಿದರೆ, ಏರಿ ಬಿರಿದರೆ, ಊರಿನವರ ಪೈರಿನೊಡನೆ ಅವನ ಪೈರೂ ಒಣಗುತ್ತದೆ. ಕೆಲಸ ನಡೆದಿದೆಯೇ ಎಂದು ನೋಡಲು ರಾಜಧಾನಿಯಿಂದ ಯಾರೂ ಬರಬೇಕಾಗಿರಲಿಲ್ಲ. ಸಾಲದುದಕ್ಕೆ ಶಾಸನದ ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂಬ ಶಾಪವೂ ಇರುತ್ತಿತ್ತು. ಅಂದಿನ ಲೆಕ್ಕಪರಿಶೋಧನೆಯ ಟಿಪ್ಪಣಿ ಅದು. ತಾವು ಸೇವೆಯಲ್ಲಿದ್ದಾಗ ಬರೆದ ಯಾವ ಟಿಪ್ಪಣಿಗೂ ಅಷ್ಟು ಬಲವಿರಲಿಲ್ಲವಲ್ಲ ಎಂದು ರಾಯರು ನಕ್ಕುಕೊಂಡರು.

ಅಷ್ಟರಲ್ಲಿ ಹೆಂಗಸರು ಬಂದರು. ಅಂಗನವಾಡಿಯ ಕೋಣೆಯಲ್ಲಿ ಜಮಖಾನ ಹಾಸಿತ್ತು. ಹದಿನೆಂಟು ಮಂದಿ ಸುತ್ತಲೂ ಕುಳಿತರು. ನಡುವೆ ಒಂದು ತಗಡಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಮೂರು ಪುಸ್ತಕ, ಒಂದು ಮೊಹರು, ಒಂದು ಮಸಿಯ ಡಬ್ಬಿ. ಲೆಕ್ಕ ಬರೆಯುವಾಕೆ ಎಸ್.ಎಸ್.ಎಲ್.ಸಿ. ಓದಿದ್ದ ಕಿರಿಯ ಸೊಸೆ. ಅಧ್ಯಕ್ಷತೆ ಸರದಿಯಂತೆ, ಆ ತಿಂಗಳ ಸರದಿ ಒಬ್ಬ ಮುದುಕಿಯದಾಗಿತ್ತು. ಆಕೆಗೆ ಓದಲು ಬಾರದು, ಆದರೆ ಯಾರ ಲೆಕ್ಕ ಎಷ್ಟೆಂಬುದು ಬಾಯಲ್ಲೇ ಇತ್ತು.

ಇಂಥ ಸಂಘಗಳು ಆಕಾಶದಿಂದ ಉದುರಿದವಲ್ಲ. ಕರ್ನಾಟಕ ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿ, ಹಳ್ಳಿಹಳ್ಳಿಯಲ್ಲಿ ಅಂಗನವಾಡಿಯ ಕಾರ್ಯಕರ್ತೆಯ ಮೂಲಕ ಹದಿನೈದು ಇಪ್ಪತ್ತು ಹೆಂಗಸರ ಗುಂಪುಗಳನ್ನು ಕಟ್ಟಿಸಿತು. ಅವರು ವಾರವಾರವೂ ತಮ್ಮ ಉಳಿತಾಯವನ್ನು ಹಾಕಬೇಕು. ಕೂಡಿದ ಹಣವನ್ನು ತಮ್ಮೊಳಗೇ ಸಾಲವಾಗಿ ಕೊಟ್ಟು ಪಡೆಯಬೇಕು. ಹೀಗೆ ನಡೆದುಬಂದ ಗುಂಪಿಗೆ ಸರ್ಕಾರದಿಂದ 5,000 ರೂಪಾಯಿಗಳ ಸುತ್ತುನಿಧಿ. ಐದು ಸಾವಿರವನ್ನು ಹದಿನೆಂಟು ಮಂದಿಗೆ ಹಂಚಿದರೆ ತಲೆಗೆ ಮುನ್ನೂರು ರೂಪಾಯಿಯೂ ಬಾರದು. ಹಂಚಿಕೊಂಡಿದ್ದರೆ ಒಂದು ಹಬ್ಬದ ಸೀರೆಗೆ ಮುಗಿಯುತ್ತಿತ್ತು. ಹಂಚದೆ ಸುತ್ತಿಸಿದುದರಿಂದ ಒಬ್ಬಳಿಗೆ ಕುರಿಮರಿಗಳಾದವು. ಆಕೆ ತೀರಿಸಿದ ಹಣ ಇನ್ನೊಬ್ಬಳ ಮಗನ ಪುಸ್ತಕವಾಯಿತು. ಮತ್ತೆ ತಿರುಗಿ ಮತ್ತೊಬ್ಬಳ ಹಸುವಿನ ಬೆಲೆಗೆ ಕೂಡಿಕೊಂಡಿತು.

ಅದಕ್ಕೂ ಹಿಂದಿನ ಕತೆಯೊಂದಿದೆ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಅನಂತರ ಹಳ್ಳಿಗಳ ಕೆಲಸವನ್ನು ಕೈಗೊಂಡು ಸಹಕಾರ ಸಂಘಗಳನ್ನು ಕಟ್ಟಿಸಿತ್ತು. 1984-85ರ ಸುಮಾರಿಗೆ ಅಂಥ ದೊಡ್ಡ ಸಂಘಗಳಲ್ಲಿ ಕೆಲವು ಮುರಿದುಬಿದ್ದವು. ನಾಯಕರ ಮೇಲೆ ಜನರಿಗೆ ನಂಬಿಕೆ ತಪ್ಪಿತ್ತು. ಆಗ ಸಾಲ ಪಡೆದಿದ್ದ ಕೆಲವರು ಹಿಂದೆಗೆಯುವುದರ ಬದಲು, ಸಣ್ಣ ಸಣ್ಣ ಗುಂಪುಗಳಾಗಿ ಬಂದು ಹಣವನ್ನು ಸಂಸ್ಥೆಯ ಕೈಗೇ ಮರಳಿಸಲು ಮುಂದಾದರು. ಅದನ್ನು ನೀವೇ ಇಟ್ಟುಕೊಂಡು ನಿಮ್ಮೊಳಗೇ ನಡೆಸಬಾರದೇಕೆ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಒಬ್ಬರನ್ನೊಬ್ಬರು ಬಲ್ಲವರ ಸಣ್ಣ ಗುಂಪುಗಳು ಹೀಗೆ ಮೊಳೆತವು. 1987ರಲ್ಲಿ ನಬಾರ್ಡ್ ಬ್ಯಾಂಕು ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ಅನುದಾನ ಕೊಟ್ಟಿತು. ಗುಂಪುಗಳ ಉಳಿತಾಯಕ್ಕೆ ಸಮನಾಗಿ ಹಣ ಕೂಡಿಸಿ, ನಡೆಯುತ್ತದೆಯೋ ಇಲ್ಲವೋ ನೋಡುವುದು ಅದರ ಉದ್ದೇಶ. ನಡೆಯಿತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಇಂದು ದೇಶದ ಮೂಲೆಮೂಲೆಗಳಲ್ಲಿ ಕಾಣುವ ಸ್ವಸಹಾಯ ಗುಂಪುಗಳ ಬೇರುಗಳಲ್ಲಿ ಒಂದು ಹೀಗೆ ಕನ್ನಡ ನಾಡಿನ ಹಳ್ಳಿಗಳಲ್ಲಿದೆ.

ರಾಯರು ಪುಸ್ತಕ ತೆಗೆದು ಕೂಡತೊಡಗಿದರು. ಪುಟಪುಟವೂ ಸರಿ. ಮದುವೆ, ತಿಥಿ, ನಾಮಕರಣಗಳಿಗಾಗಿ ಪಡೆದ ಸಾಲಗಳನ್ನು ಕಿರಿಯ ಸೊಸೆ ಬೇರೆಯಾಗಿ ಪಟ್ಟಿಮಾಡಿದ್ದಳು. ಪ್ರತಿಯೊಂದರಲ್ಲೂ ‘ಪಾತ್ರೆ ಬಾಡಿಗೆ, ಟೆಂಪೋ ಬಾಡಿಗೆ’ ಎಂಬ ಸಾಲು ಇದ್ದೇ ಇತ್ತು. ಒಂದು ಊಟಕ್ಕೆ ಸಾವಿರದೈನೂರರವರೆಗೆ ಪೇಟೆಗೆ ಹೋಗುತ್ತಿತ್ತು. ಪಾತ್ರೆಗಳು ಊರಿನಲ್ಲೇ ಇದ್ದರೆ ಆ ಹಣ ಊರಿನಲ್ಲೇ ಉಳಿಯುತ್ತದೆಂಬುದು ಅರ್ಜಿಯ ತಿರುಳು. ರಾಯರ ಮನಸ್ಸಿನಲ್ಲಿದ್ದ ಸಂಶಯ ಅಲ್ಲಿಗೆ ಕರಗಿತು. ಅವರು ನಮೂನೆಯನ್ನು ಹೊರತೆಗೆದು ಒಂದೊಂದೇ ಪ್ರಶ್ನೆಯನ್ನು ಓದುತ್ತ ಬಂದರು. ಹದಿನಾರರವರೆಗೆ ತೊಡಕಿಲ್ಲದೆ ಸಾಗಿತು.

ಹದಿನೇಳನೆಯದನ್ನು ಓದಿದಾಗ ಕೋಣೆ ನಿಶ್ಶಬ್ದವಾಯಿತು.

ಬಾಗಿಲ ಬಳಿ ಕುಳಿತಿದ್ದ ಒಬ್ಬಾಕೆ ಸೆರಗನ್ನು ಎಳೆದುಕೊಂಡಳು. ಆಕೆಯ ಗಂಡನಿಗೆ ಕಾಯಿಲೆಯಾಗಿ ಮನೆಯಲ್ಲಿದ್ದ ಎರಡು ಮಗ್ಗಗಳೂ ನಿಂತುಹೋಗಿದ್ದವು. ಕಡೆಗೆ ಅವುಗಳನ್ನು ಮಾರಿ ಆಸ್ಪತ್ರೆಗೆ ತೆತ್ತಿದ್ದರು. ಹನ್ನೊಂದು ವಾರದ ಉಳಿತಾಯ 110 ರೂಪಾಯಿ. ಪಡೆದ ಸಾಲದಲ್ಲಿ ಉಳಿದದ್ದು 1,200. ಕಾಯಿಲೆಯ ಮನೆಯೆಂದು ಸಂಘ ಬಡ್ಡಿಯನ್ನು ನಿಲ್ಲಿಸಿತ್ತು. ಒಟ್ಟು ಬಾಕಿ 1,310.

“ನನ್ನ ಹೆಸರು ತೆಗೆದ್ಬಿಡ್ರವ್ವಾ,” ಎಂದಳು ಆಕೆ. “ನನ್ನೊಬ್ಬಳಿಂದ ಊರಿಗೆ ಬರೋದು ನಿಲ್ಲಬಾರದು.”

“ಸುಮ್ಕಿರು,” ಎಂದು ಮುದುಕಿ ಗದರಿದಳು. ಅನಂತರ ರಾಯರ ಕಡೆ ಒಮ್ಮೆ ನೋಡಿ, ಉಳಿದವರಿಗೆ ಹೇಳಿದಳು: “ಆಳಿಗಿಷ್ಟು ಅಂತ ನಾವೇ ಹಾಕಿ ಇವತ್ತೇ ತೀರಿಸ್ಬಿಟ್ರೆ ಬಾಕಿ ಎಲ್ಲೈತೆ? ಇಲ್ಲ ಅಂತ ಬರೆಸಿದ್ರಾಯ್ತು.”

ಕಿರಿಯ ಸೊಸೆ ಲೇಖನಿಯನ್ನು ಕೆಳಗಿಟ್ಟಳು. “ಹಾಕಬೋದು ಅಜ್ಜಿ. ಆದ್ರೆ ಅಕ್ಕ ಕೊಟ್ಲು ಅಂತ ನಾನು ಬರೆಯೋಕಾಗಲ್ಲ. ಪುಸ್ತಕ ಒಂದ್ಸಲ ಸುಳ್ಳು ಹೇಳಿದ್ರೆ, ಆಮೇಲೆ ನಿಜ ಹೇಳಿದಾಗ್ಲೂ ನಂಬೋರು ಯಾರು?”

ಮೂರು ದಾರಿಗಳು ಅವರ ಮುಂದಿದ್ದವು. ಆಕೆಯ ಹೆಸರನ್ನು ಹೊಡೆದುಹಾಕಿದರೆ ಕಲಮು ಶುಭ್ರವಾಗುತ್ತಿತ್ತು. ಸುಳ್ಳು ಬರೆದರೂ ಶುಭ್ರವಾಗುತ್ತಿತ್ತು. ನಿಜ ಬರೆದರೆ ಪಾತ್ರೆಗಳ ಆಸೆಯನ್ನು ಬಿಡಬೇಕಾಗಿತ್ತು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮುದುಕಿ ನಿಟ್ಟುಸಿರು ಬಿಟ್ಟು, “ಇದ್ದದ್ದು ಬರಿಯಮ್ಮ,” ಎಂದಳು. ಕಿರಿಯ ಸೊಸೆ ದುಂಡಗಿನ ಅಕ್ಷರಗಳಲ್ಲಿ ಬರೆದಳು: ‘ಇದ್ದಾರೆ. ಒಬ್ಬರು. ಬಾಕಿ 1,310. ಕಾರಣ ಕಾಯಿಲೆ.’ ಹದಿನೆಂಟು ಮಂದಿಯೂ ರುಜು ಹಾಕಿದರು. ಐವರು ಹೆಬ್ಬೆಟ್ಟು ಒತ್ತಿದರು. ಬಾಗಿಲ ಬಳಿಯವಳೂ ಒತ್ತಿದಳು.

ಆ ಸಂಜೆ ರಾಯರಿಗೆ ಊಟ ರುಚಿಸಲಿಲ್ಲ. ನಡೆದುದನ್ನೆಲ್ಲ ಕೇಳಿದ ಮೇಲೆ ಮನೆಯಾಕೆ ಕೇಳಿದರು: “ಆ ಹದಿನೇಳನೆಯ ಪ್ರಶ್ನೆ ಬರೆದೋರು ಯಾರು?”

“ನಾನೇ.”

“ಹಾಗಾದರೆ ಅಳಿಸೋರೂ ನೀವೇ ಆಗಬೇಕು.”

ಅಳಿಸುವುದು ಅಷ್ಟು ಸುಲಭವಾಗಿರಲಿಲ್ಲ. ಮುಂದಿನ ತಿಂಗಳ ಕೂಟದಲ್ಲಿ ನಿಯಮವೆಂದರೆ ನಿಯಮ ಎಂದು ಇಬ್ಬರು ಪಟ್ಟುಹಿಡಿದರು. ಇಂದು ಒಬ್ಬರಿಗೆ ಸಡಿಲಿಸಿದರೆ ನಾಳೆ ಎಲ್ಲರೂ ಕೇಳುತ್ತಾರೆ ಎಂಬುದು ಅವರ ವಾದ. ರಾಯರು ಎದ್ದುನಿಂತರು. ತಮ್ಮದೇ ನಿಯಮದ ವಿರುದ್ಧ ತಾವೇ ಮಾತನಾಡುವ ಪ್ರಸಂಗ ಅವರಿಗೆ ಅದೇ ಮೊದಲು. “ಬಾಕಿಯೇ ಇಲ್ಲದ ಪುಸ್ತಕಗಳನ್ನು ಸೇವೆಯಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ,” ಎಂದರು. “ಅವುಗಳಲ್ಲಿ ಅರ್ಧವನ್ನು ನಂಬಲಿಲ್ಲ. ಹಣ ತಪ್ಪಿಹೋಗುತ್ತದೆಂದು ಗೊತ್ತಿದ್ದೂ ಬಾಕಿಯನ್ನು ಬಾಕಿಯೆಂದು ಬರೆದ ಪುಸ್ತಕವನ್ನು ಈಗ ನೋಡಿದೆ. ಹಣವನ್ನು ಯಾರ ಕೈಗೆ ಕೊಡಬೇಕೆಂದು ನೀವೇ ಹೇಳಿ.”

ಗ್ರಂಥಪಾಲಕರಾಗಿ ನಿವೃತ್ತರಾಗಿದ್ದ ಒಬ್ಬರು ಅಮೆರಿಕದ ಆಂಡ್ರ್ಯೂ ಕಾರ್ನೆಗಿಯ ವಿಚಾರ ತೆಗೆದರು. ಉಕ್ಕಿನ ವ್ಯಾಪಾರದಿಂದ ಕೋಟ್ಯಧೀಶನಾದ ಆತ ತನ್ನ ಹಣದಿಂದ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳನ್ನು ಕಟ್ಟಿಸಿದ. ಆದರೆ ಕಟ್ಟಡಕ್ಕೆ ಮಾತ್ರ ಆತನ ಹಣ. ಕಟ್ಟಡಕ್ಕೆ ತಗಲಿದ ಮೊತ್ತದ ಹತ್ತನೆಯ ಒಂದು ಪಾಲನ್ನು ಊರಿನವರು ವರ್ಷವರ್ಷವೂ ಗ್ರಂಥಾಲಯದ ನಿರ್ವಹಣೆಗೆ ಕೊಡುವುದಾಗಿ ಒಪ್ಪಬೇಕಾಗಿತ್ತು. ಹತ್ತನೆಯ ಒಂದು ಪಾಲು ಎಂದೊಡನೆ ರಾಯರಿಗೆ ಕೆರೆಯ ಏರಿಯ ಮೇಲಿನ ಕಲ್ಲು ನೆನಪಾಯಿತು. ದಶವಂದದ ಮಾತು ಕಾರ್ನೆಗಿಯ ಕಿವಿಗೆ ಬಿದ್ದಿರಲಾರದು. ಆದರೂ ಕೊಡುವವರ ಅನುಭವ ಎರಡು ಕಡೆಯೂ ಒಂದೇ ಅಂಕಿಗೆ ಬಂದು ನಿಂತಿತ್ತು.

ಕೊನೆಗೆ ಮಾತನಾಡಿದವರು ಎಂಬತ್ತು ದಾಟಿದ ಹಿರಿಯರು. ಗ್ರಾಮಸೇವಕರಾಗಿ ಉದ್ಯೋಗವನ್ನು ಆರಂಭಿಸಿದ್ದವರು. 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಸಮುದಾಯ ವಿಕಾಸ ಯೋಜನೆಗಳು ಆರಂಭವಾದಾಗಿನ ಉತ್ಸಾಹವನ್ನು ಅವರು ಬಲ್ಲವರು. ರಸ್ತೆಗೆ, ಬಾವಿಗೆ, ಶಾಲೆಗೆ ಸರ್ಕಾರ ಹಣ ಕೊಡುವುದು; ಊರಿನವರು ಕಾಸಿನಿಂದಲೋ ಕಲ್ಲುಮರಗಳಿಂದಲೋ ಶ್ರಮದಾನದಿಂದಲೋ ತಮ್ಮ ಪಾಲನ್ನು ಸೇರಿಸುವುದು. ಮರುವರ್ಷ 1953ರ ಆಗಸ್ಟಿನಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿ ಹುಟ್ಟಿತು. ಸ್ವಯಂಸೇವಾ ಸಂಸ್ಥೆಗಳಿಗೆ ನೆರವಾಗಲು ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ 4 ಕೋಟಿ ರೂಪಾಯಿ ಅದರ ಪಾಲಿಗೆ ಬಂದಿತು. “ಕೆಲಸವೇನೋ ಬಹಳ ಆಯಿತು,” ಎಂದರು ಹಿರಿಯರು. “ಆದರೆ 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ ಬಂದು ನೋಡಿ, ಜನರೇ ಮುಂದಾಗಿ ಮಾಡುವ ಉತ್ಸಾಹ ಹುಟ್ಟಲಿಲ್ಲ ಎಂದು ವರದಿ ಬರೆಯಿತು. ಅದು ಸುಳ್ಳಲ್ಲ. ಎಷ್ಟೋ ಕಡೆ ಬಾವಿ ತೋಡಿದೆವು, ಅದು ಸರ್ಕಾರದ ಬಾವಿಯಾಗಿಯೇ ಉಳಿಯಿತು. ಹಗ್ಗ ಹರಿದರೆ ನಮಗೆ ಕಾಗದ ಬರೆಯುತ್ತಿದ್ದರು. ಈ ಹೆಂಗಸರಿಗೆ ಪೂರ್ತಿ ಕೊಡಬೇಡಿ. ಅರ್ಧ ಕೊಡಿ. ಇನ್ನರ್ಧ ಅವರದಾಗಲಿ. ಆಗ ಸೌಟು ಕಳೆದರೆ ಅವರೇ ಹುಡುಕುತ್ತಾರೆ.”

ಹಾಗೆಯೇ ತೀರ್ಮಾನವಾಯಿತು. 7,500 ರೂಪಾಯಿ ಮಂಜೂರು. ಸಂಘವೂ ಅಷ್ಟೇ ಕೂಡಿಸಬೇಕು. ಹದಿನೇಳನೆಯ ಪ್ರಶ್ನೆಯ ಎರಡನೆಯ ವಾಕ್ಯವನ್ನು ರಾಯರು ಹೊಡೆದುಹಾಕಿ, ‘ಇದ್ದಲ್ಲಿ ಸಂಘ ಅವರಿಗಾಗಿ ಏನು ಮಾಡಿದೆ?’ ಎಂದು ಬರೆದರು.

ಅರ್ಧವೇ ದೊರೆತುದಕ್ಕೆ ಹೆಂಗಸರು ನೊಂದುಕೊಳ್ಳುವರೆಂದು ರಾಯರು ಅಂಜಿದ್ದರು. ಅವರು ನೊಂದುಕೊಳ್ಳಲಿಲ್ಲ. ಐದು ತಿಂಗಳಲ್ಲಿ ಹದಿನೇಳು ಮಂದಿ ತಲಾ 250ರಂತೆ 4,250 ಕೂಡಿಸಿದರು. ಉಳಿದ 3,250 ಸಂಘದ ಬಡ್ಡಿಯ ಹಣದಿಂದ ಬಂದಿತು. ಹದಿನೆಂಟನೆಯವಳು ಆ ವೇಳೆಗೆ ಕೂಲಿಗೆ ಹೋಗುತ್ತ ವಾರದ ಹತ್ತು ರೂಪಾಯಿಯನ್ನು ತಪ್ಪದೆ ಹಾಕತೊಡಗಿದ್ದಳು. ಹಳೆಯ ಬಾಕಿ ಮಾತ್ರ ಹಾಗೆಯೇ ನಿಂತಿತ್ತು.

ಪಾತ್ರೆಗಳು ಬಂದವು. ಅವುಗಳನ್ನು ಇಡುವುದೆಲ್ಲಿ? ಅಂಗನವಾಡಿಯಲ್ಲಿ ಮಕ್ಕಳಿಗೇ ಜಾಗವಿಲ್ಲ. ಆಗ ಮುದುಕಿಗೆ ಒಂದು ವಿಚಾರ ಹೊಳೆಯಿತು. ಮಗ್ಗ ಮಾರಿದ ಮನೆಯಲ್ಲಿ ಮಗ್ಗದ ಕೋಣೆ ಖಾಲಿ ಬಿದ್ದಿತ್ತು. ಸಂಘ ಅದನ್ನು ತಿಂಗಳಿಗೆ 100 ರೂಪಾಯಿ ಬಾಡಿಗೆಗೆ ಹಿಡಿಯಿತು. ಬಾಡಿಗೆ ಕೈಗೆ ಕೊಡುವುದಿಲ್ಲ, ಬಾಕಿಗೆ ಜಮಾ. ಧರ್ಮಕ್ಕೆ ಮನ್ನಾ ಮಾಡಿದ್ದರೆ ಆಕೆ ತಲೆತಗ್ಗಿಸಬೇಕಾಗಿತ್ತು. ಬಾಡಿಗೆಯ ಲೆಕ್ಕದಲ್ಲಿ ಆಕೆ ಸಂಘಕ್ಕೆ ಜಾಗ ಕೊಟ್ಟವಳಾದಳು. ಹದಿಮೂರು ತಿಂಗಳಿಗೆ 1,300 ತೀರುತ್ತದೆ, ಮೇಲೆ ಹತ್ತು ರೂಪಾಯಿ ಉಳಿಯುತ್ತದೆಂದು ರಾಯರು ಮನಸ್ಸಿನಲ್ಲೇ ಭಾಗಿಸಿಕೊಂಡರು.

ಬಾಡಿಗೆಯ ದರವನ್ನು ಹೆಂಗಸರೇ ಗೊತ್ತುಮಾಡಿದರು. ಮದುವೆಗೆ 300, ಸಂಘದವರ ಮನೆಯಾದರೆ 200, ನೆಗ್ಗಿಸಿ ತಂದರೆ ದಂಡ, ಬೂದಿ ಹಾಕಿ ಬೆಳಗದೆ ತಂದರೂ ದಂಡ. ಸಾವಿನ ಮನೆಗೆ ಬಾಡಿಗೆಯಿಲ್ಲ. ಈ ಕಡೆಯ ನಿಯಮವನ್ನು ರಾಯರ ನಮೂನೆಯ 23 ಪ್ರಶ್ನೆಗಳಲ್ಲಿ ಯಾವುದೂ ಕೇಳಿರಲಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಬರೆದುಕೊಂಡ ನಿಯಮ ಅದೇ ಆಗಿತ್ತು.

ಪಾತ್ರೆಗಳ ಮೇಲೆ ಕೂಟದ ಹೆಸರನ್ನು ಕೊರೆಸಬೇಕೆಂದು ಮಲ್ಲೇಶ್ವರದಿಂದ ಒಂದು ಸೂಚನೆ ಹೋಗಿತ್ತು. ಬೀಸಣಿಗೆಯ ಸಂಪ್ರದಾಯ ಅಷ್ಟು ಸುಲಭವಾಗಿ ಬಿಡುವುದಿಲ್ಲ. ರಾಯರು ಹೋಗಿ ನೋಡಿದಾಗ ಹಂಡೆ, ಡಬರಿ, ತಪ್ಪಲೆ, ಸೌಟುಗಳ ಮೇಲೆಲ್ಲ ಒಂದು, ಎರಡು, ಮೂರು ಎಂದು ಅಂಕಿಗಳು ಮಾತ್ರ ಇದ್ದವು.

“ಹೆಸರು ಕೊರೆಸಲಿಲ್ಲವೇನಮ್ಮ?” ಎಂದು ಕೇಳಿದರು.

ಕಿರಿಯ ಸೊಸೆ ನಾಚಿಕೊಂಡು ಹೇಳಿದಳು: “ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೇಳಿದ್ರು ಸಾರ್. ಹೆಸರಿದ್ರೆ ಯಾರದು ಅಂತ ಗೊತ್ತಾಗುತ್ತೆ. ನಂಬರಿದ್ರೆ ಎಷ್ಟು ವಾಪಸ್ ಬಂತು ಅಂತ ಗೊತ್ತಾಗುತ್ತೆ. ನಮಗೆ ಅದೇ ಬೇಕಾಗಿತ್ತು.”

ಲೆಕ್ಕಪರಿಶೋಧಕರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇಕೇ? ರಾಯರು ಕೂಟದ ಸೂಚನೆಯ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಹದಿನಾಲ್ಕನೆಯ ತಿಂಗಳಿನಲ್ಲಿ ಅವರು ಮತ್ತೊಮ್ಮೆ ಆ ಹಳ್ಳಿಗೆ ಹೋದರು. ಮಗ್ಗದ ಕೋಣೆಯ ಗೋಡೆಯಲ್ಲಿ ಪಟ್ಟಿಯ ಗುರುತು ಇನ್ನೂ ಇತ್ತು. ಅದರ ಕೆಳಗೆ ಹಂಡೆಗಳು ಒಂದರೊಳಗೊಂದು ಕುಳಿತಿದ್ದವು. ಮುದ್ದೆಯ ಕೋಲುಗಳೆರಡು ಮೂಲೆಯಲ್ಲಿ ಒರಗಿದ್ದವು. ಹಿಂದಿನ ದಿನ ಯಾರದೋ ಮನೆಯ ನಾಮಕರಣ ಮುಗಿದು ಪಾತ್ರೆಗಳು ಬೆಳಗಿಸಿಕೊಂಡು ಮರಳಿದ್ದವು. ಸಭೆಯಲ್ಲಿ ವಾರದ ಉಳಿತಾಯ ಕೂಡಿಸುವಾಗ, ಆ ಮನೆಯಾಕೆ ತನ್ನ ವಾರದ ಹತ್ತರ ಜೊತೆಗೆ ಇನ್ನೊಂದು ಹತ್ತು ರೂಪಾಯಿಯ ನೋಟನ್ನು ಜಮಖಾನದ ಮೇಲಿಟ್ಟಳು. ಆಕೆ ಮಾತನಾಡಲಿಲ್ಲ. ಮುದುಕಿ ನೋಟನ್ನು ನೀವಿ ಪೆಟ್ಟಿಗೆಗೆ ಹಾಕಿದಳು. ಕಿರಿಯ ಸೊಸೆ ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದಳು. ಈ ಸಲ ಬಾಗಿಲ ಬಳಿ ಯಾರೂ ಕುಳಿತಿರಲಿಲ್ಲ, ಎಲ್ಲರೂ ಸುತ್ತಿನೊಳಗಿದ್ದರು.

ರಾಯರು ಬಸ್ಸಿನಲ್ಲಿ ಕುಳಿತು ಕೂಟಕ್ಕೆ ಒಪ್ಪಿಸಬೇಕಾದ ವರದಿಯನ್ನು ಬರೆದರು. ಮೂವತ್ತಾರು ವರ್ಷ ಬರೆದ ವರದಿಗಳಿಗಿಂತ ಅದು ಚಿಕ್ಕದು. ಪಾತ್ರೆಗಳು 38, ಎಲ್ಲವೂ ಇವೆ. ಸೌಟುಗಳು 6, ಎಲ್ಲವೂ ಇವೆ. ಕೋಲುಗಳು 2. ಹದಿನೇಳನೆಯ ಕಲಮಿನ ಎದುರಿಗೆ ಬಂದಾಗ ಲೇಖನಿ ಒಂದು ಕ್ಷಣ ನಿಂತಿತು. ಅನಂತರ ಅವರು ‘ಬಾಕಿ ಇಲ್ಲ’ ಎಂದು ಬರೆದು, ಅಭ್ಯಾಸದಂತೆ ಮತ್ತೊಮ್ಮೆ ಕೂಡಿ ನೋಡಿ, ರುಜು ಹಾಕಿದರು.